ಆಮೇಲೆ, ಮೆಲ್ಟರ್ಸ್ ಆರ್ಮ್ಸ್‌ನಲ್ಲಿ

ತಪ್ಪು ತನ್ನದೇ ಎಂದು ಗೊತ್ತಾದಾಗ ನೆವಿಲ್ ಬ್ರೂಮ್‌ಹೆಡ್ ಸತ್ತ ಅಪ್ಪನ ಅಡುಗೆಮನೆಯಲ್ಲಿ ನಿಂತು, ಅಪ್ಪನ ಮಗ್ಗಿನಲ್ಲಿ ಚಹಾ ಕುಡಿಯುತ್ತ, ಆ ಮಗ್ಗಿನಲ್ಲಿ ಕುಡಿಯುವುದು ಸರಿಯೋ ಅಲ್ಲವೋ ಎಂದು ಯೋಚಿಸುತ್ತಿದ್ದ. ಮೇಜಿನ ಆಚೆ ಬದಿಯಲ್ಲಿ ಅವನ ಅಕ್ಕ ಗ್ಲೆನಿಸ್ ಕಪ್ಪು ಕೋಟು ತೊಟ್ಟೇ ಕೂತು, ಶನಿವಾರದ ಪತ್ರಿಕೆಯಿಂದ ಕತ್ತರಿಸಿಟ್ಟಿದ್ದ ಮರಣವಾರ್ತೆಯನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದಳು.

"ನೆವಿಲ್, ಇದೇನೋ ಇದು?"

"ಯಾವುದು?"

"'ಗುರುವಾರ ಹನ್ನೊಂದಕ್ಕೆ ಚಿತಾಗಾರದಲ್ಲಿ. ಆಮೇಲೆ ಎಲ್ಲರೂ ಮೆಲ್ಟರ್ಸ್ ಆರ್ಮ್ಸ್‌ಗೆ ದಯಮಾಡಿಸಬೇಕು.'"

"ಹೌದು, ಅದೇ."

"ಮೆಲ್ಟರ್ಸ್ ಆರ್ಮ್ಸ್ ಮುಚ್ಚಿಹೋಗಿ ಎಷ್ಟು ವರ್ಷ ಆಯ್ತೋ?"

ಎಷ್ಟು ವರ್ಷ ಎಂದು ಅವನಿಗೆ ಗೊತ್ತಿತ್ತು. ಇಡೀ ಶೆಫೀಲ್ಡ್ ನಗರದಲ್ಲಿ ಅದನ್ನು ಅವನಷ್ಟು ಖಚಿತವಾಗಿ ಹೇಳಬಲ್ಲವರು ಇನ್ನೊಬ್ಬರಿರಲಿಲ್ಲ. ಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ಮೇಲೆ ಅವನು ಹಚ್ಚಿಕೊಂಡಿದ್ದ ಕೆಲಸವೇ ಅದು. ನಗರದ ಕಳೆದುಹೋದ ಪಬ್ಬುಗಳನ್ನು, ಬೀರಿನ ಮನೆಗಳನ್ನು ಹುಡುಕುವುದು. ಯಾವುದಕ್ಕೆ ಯಾವಾಗ ಪರವಾನಗಿ ಸಿಕ್ಕಿತು, ಯಾವ ಬ್ರೂವರಿ ಕೊಂಡಿತು, ಯಾವತ್ತು ಕಿಟಕಿಗೆ ಹಲಗೆ ಬಡಿದರು ಎಂದು ಬರೆದಿಡುವುದು. ಚಳಿಗಾಲದಲ್ಲಿ ಬಡಾವಣೆಗಳ ಗ್ರಂಥಾಲಯಗಳಿಗೆ ಹೋಗಿ ಪರದೆಯ ಮೇಲೆ ಚಿತ್ರ ಹಾಕಿ ಮಾತಾಡುವುದು. ಅಪ್ಪನ ಪಬ್ಬಾದ ಮೆಲ್ಟರ್ಸ್ ಆರ್ಮ್ಸ್ ಆ ಮಾತಿನಲ್ಲಿ ಪ್ರತಿಸಲವೂ ಬರುತ್ತಿತ್ತು. ಹೋದ ವಾರ ಶವಸಂಸ್ಕಾರದ ಕಂಪನಿಯ ಹುಡುಗಿ ಫೋನಿನಲ್ಲಿ ಹೆಸರು ಕೇಳಿ, ವಯಸ್ಸು ಕೇಳಿ, ಹೂವು ತರಬೇಕೋ ಬೇಡವೋ ಕೇಳಿ, ಕೊನೆಗೆ "ಆಮೇಲೆ ಎಲ್ಲಿ?" ಎಂದಿದ್ದಳು. ಈ ಊರಿನಲ್ಲಿ ಸತ್ತವರಿಗೆಲ್ಲ ಒಂದು 'ಆಮೇಲೆ' ಇರುತ್ತದೆ. ಚಿತಾಗಾರದಿಂದ ಹೊರಬಿದ್ದ ಜನ ಸತ್ತವನ ಪಬ್ಬಿಗೆ ಹೋಗಿ, ಅವನು ಕೂರುತ್ತಿದ್ದ ಕಡೆ ಕೂತು, ದಪ್ಪಗೆ ಕೊಯ್ದ ಹ್ಯಾಮ್, ಉಪ್ಪು ಹಾಕಿ ಬೇಯಿಸಿದ ಹಂದಿಮಾಂಸ ತಿಂದು, ಅವನ ಹೆಸರಿನಲ್ಲಿ ಒಂದು ಸುತ್ತು ಕುಡಿಯದಿದ್ದರೆ ಆ ಸಾವು ಮುಗಿದಂತೆ ಆಗುವುದಿಲ್ಲ. ಹುಡುಗಿ ಕೇಳಿದ್ದೇ ತಡ, ತನ್ನ ಹೆಸರು ಹೇಳುವಷ್ಟು ಸಲೀಸಾಗಿ ನೆವಿಲ್ "ಮೆಲ್ಟರ್ಸ್ ಆರ್ಮ್ಸ್" ಎಂದುಬಿಟ್ಟಿದ್ದ. ಅವಳು ಬೇರೆ ಊರಿನವಳು. "ಚೆಂದದ ಹೆಸರು" ಎಂದು ಬರೆದುಕೊಂಡಳು.

ಅದಕ್ಕಿಂತ ಹೆಚ್ಚಾಗಿ ಈಗ ಅವನನ್ನು ಕೊರೆದದ್ದು, ಶನಿವಾರದಿಂದ ಇವತ್ತಿನವರೆಗೆ ಒಬ್ಬರೂ ಫೋನ್ ಮಾಡಿ ಹೇಳಲಿಲ್ಲವಲ್ಲ ಎಂಬುದು. ಅಪ್ಪನ ಜನ ಪತ್ರಿಕೆ ತೆರೆದರೆ ಮೊದಲು ನೋಡುವುದೇ ಆ ಪುಟ. ಅಪ್ಪನ ಜೊತೆ ಒಂದೇ ಕುಲುಮೆಯಲ್ಲಿ ಉಕ್ಕು ಕಾಯಿಸಿದ ಕ್ಲಿಫ್ ಹೌಸ್ಲಿ ಹವಾಮಾನಕ್ಕಿಂತ ಮೊದಲು ಸಾವು ಓದುತ್ತಾನೆ. ಅವನೂ ಸುಮ್ಮನಿದ್ದ. ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದುಕೊಂಡರೋ, ಅಥವಾ ಎಲ್ಲರ ಎದುರಿಗೇ ಗೊತ್ತಾಗಲಿ ಎಂದು ಕಾದಿದ್ದಾರೋ. ಅಪ್ಪನ ಜನರನ್ನು ಬರಮಾಡಿಕೊಂಡು ಅಪ್ಪನ ಜಾಗದಲ್ಲಿ ಕೂರಿಸಿ ಕಳಿಸಿಕೊಡುವುದು, ಮಗನಾಗಿ ಅವನ ಪಾಲಿಗೆ ಉಳಿದಿದ್ದ ಒಂದೇ ಕೆಲಸ. ಅದಕ್ಕೆ ಅವನು ಇಲ್ಲದ ವಿಳಾಸ ಕೊಟ್ಟಿದ್ದ.

"ಈಗೇನು ಮಾಡೋದು? ಓಲ್ಡ್ ಬೆಲೋಸ್‌ಗೆ ಫೋನ್ ಮಾಡ್ಲಾ?" ಎಂದಳು ಗ್ಲೆನಿಸ್.

"ಅಲ್ಲೀಗ ಬಣ್ಣದ ಮೀನು ಮಾರ್ತಾರೆ."

"ರೋಲಿಂಗ್ ಮಿಲ್?"

"ಟ್ರಾಮ್ ಹಳಿ ಅದರ ಮೇಲೇ ಹೋಗಿದೆ."

"ಲಾರ್ಡ್ ಹ್ಯಾಡನ್ ಇತ್ತಲ್ಲೋ, ಸೇತುವೆ ಹತ್ರ."

"ಅರ್ಧ ಸುಟ್ಟುಹೋಯ್ತು. ಉಳಿದರ್ಧದಲ್ಲಿ ಉಗುರಿಗೆ ಬಣ್ಣ ಹಚ್ತಾರೆ."

"ತೆರೆದಿರೋದು ಯಾವುದಾದ್ರೂ ಒಂದು ಹೇಳೋ ಪುಣ್ಯಾತ್ಮ!"

ನೆವಿಲ್ ಯೋಚಿಸಿದ. ಅಪ್ಪನ ಕಾರ್ಖಾನೆಯಿದ್ದ ಅಟರ್‌ಕ್ಲಿಫ್ ರಸ್ತೆಯನ್ನು ಮನಸ್ಸಿನಲ್ಲೇ ಒಂದು ತುದಿಯಿಂದ ನಡೆದ. ಪ್ರತಿ ಮೂಲೆಯಲ್ಲೂ ಒಂದು ಫಲಕ ತೂಗುತ್ತಿತ್ತು, ಪ್ರತಿ ಬಾಗಿಲಿಂದಲೂ ಹೊಗೆ ಬರುತ್ತಿತ್ತು, ಒಡೆಯರ ಹೆಸರು, ಒಡೆಯರ ಹೆಂಡತಿಯರ ಹೆಸರು ಸಾಲಾಗಿ ನಾಲಿಗೆಯ ಮೇಲೆ ಬಂದವು. ತೆರೆದಿರುವುದು ಒಂದೂ ಹೊಳೆಯಲಿಲ್ಲ. ಎಷ್ಟೋ ವರ್ಷಗಳಿಂದ ತಾನು ತೆರೆದ ಪಬ್ಬಿನೊಳಗೆ ಕಾಲಿಟ್ಟಿಲ್ಲ ಎಂಬುದು ಆಗ ಗಮನಕ್ಕೆ ಬಂತು.

"ನಿನ್ನ ಹತ್ರ ಇರೋದೆಲ್ಲ ಸತ್ತಿರೋದೇ" ಎಂದು ಗ್ಲೆನಿಸ್ ಎದ್ದು, ವರ್ತುಲ ರಸ್ತೆಯ ಪಕ್ಕದ ಹೋಟೆಲೊಂದಕ್ಕೆ ಫೋನ್ ಮಾಡಿದಳು. "ಇವತ್ತೇ. ಹೌದು, ಸಾವಿಂದೇ. ಹ್ಯಾಮ್ ಇದೆಯಾ? ಅಲ್ಲಮ್ಮಾ, ಕಾಗದದ ಥರ ಕೊಯ್ದಿದ್ದಲ್ಲ, ದಪ್ಪದ್ದು. ಮೂಳೆಯಿಂದ ಬಿಡಿಸಿದ್ದು. ವಯಸ್ಸಾದೋರು ಬರ್ತಾರೆ, ಹಲ್ಲು ಅವರ ಚಿಂತೆ, ನೀನು ದಪ್ಪ ಕೊಯ್ಯಿ." ಫೋನಿಟ್ಟು, "ಆ ಪಾದ್ರಿ ಹತ್ರ ಹೇಳ್ತೀನಿ, ಕೊನೇಲಿ ಜಾಗ ಬದಲಾಯ್ತು ಅಂತ ಹೇಳ್ಲಿ" ಎಂದಳು.

"ತಪ್ಪಾಗಿದೆ ಅಂತ ಹೇಳೋದು ಬೇಡ. ಬದಲಾಗಿದೆ ಅಂತ ಹೇಳ್ಲಿ."

ಗ್ಲೆನಿಸ್ ಅವನ ಮುಖ ನೋಡಿದಳು.

ಶವದ ಕಾರು ಅಪ್ಪ ದುಡಿದ ಉಕ್ಕಿನ ಕಾರ್ಖಾನೆಯ ಗೇಟಿನ ಮುಂದೆ ಹಾದು ಹೋಗಬೇಕು ಎಂದು ಗ್ಲೆನಿಸ್ ಮೊದಲೇ ಹೇಳಿಟ್ಟಿದ್ದಳು, ಗೇಟು ಇರಲಿಲ್ಲವಾದರೂ. ಅಲ್ಲೀಗ ಖರೀದಿಗೆ ಬರುವವರು ಕಾರು ನಿಲ್ಲಿಸುವ ಬಯಲು. ಹಿಂದಿನ ಕಾರಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತ ನೆವಿಲ್‌ಗೆ ಮುಂದಿನ ಗಾಜಿನೊಳಗಿನ ಪೆಟ್ಟಿಗೆಗಿಂತ ಪಕ್ಕದಲ್ಲಿ ಜಾರಿಹೋಗುತ್ತಿದ್ದ ಗೋಡೆಗಳೇ ಹೆಚ್ಚು ಕಾಣುತ್ತಿದ್ದವು. ಇಲ್ಲಿ ಒಬ್ಬ ಮೋಚಿ ಮನೆಯ ಮುಂಗೋಣೆಯಲ್ಲಿ ಚಪ್ಪಲಿ ಹೊಲಿಯುತ್ತಲೇ ಬೀರು ಮಾರುತ್ತಿದ್ದ. ಅಲ್ಲಿ ಗಂಡ ಸತ್ತವಳೊಬ್ಬಳು ಬಚ್ಚಲ ಹಂಡೆಯಲ್ಲೇ ಬೀರು ಕಾಯಿಸುತ್ತಿದ್ದಳು. ಜಿನ್ ಕುಡಿದು ಹಾಳಾಗುವುದಕ್ಕಿಂತ ಬೀರು ಕುಡಿದು ಗಟ್ಟಿಯಾಗಲಿ ಎಂದು ಸರಕಾರವೇ ಒಂದು ಕಾಲದಲ್ಲಿ ಕಾನೂನು ಮಾಡಿ, ಸಣ್ಣದೊಂದು ಶುಲ್ಕ ಕಟ್ಟಿದ ಯಾರು ಬೇಕಾದರೂ ಮನೆಯನ್ನು ಬೀರಿನ ಮನೆ ಮಾಡಬಹುದು ಎಂದಾಗ ಈ ರಸ್ತೆಯ ಎರಡು ಬದಿಯೂ ಬಾಗಿಲು ತೆರೆದುಕೊಂಡಿತ್ತು. ಕುಲುಮೆಯವರು ಒಂದು ಪಾಳಿಯಲ್ಲಿ ಬೆವರಿಳಿಸಿದ್ದನ್ನು ಮತ್ತೆ ದೇಹಕ್ಕೆ ತುಂಬಿಕೊಳ್ಳಬೇಕಿತ್ತು. ಸೈರನ್ ಕೂಗುವ ಹೊತ್ತಿಗೆ ಬಾರಿನ ಮೇಲೆ ಬೀರು ತುಂಬಿದ ಗ್ಲಾಸುಗಳನ್ನು ಸಾಲಾಗಿ ನಿಲ್ಲಿಸಿಡುತ್ತಿದ್ದರು; ಒಳಗೆ ಬಂದವರು ಮೊದಲು ಕುಡಿದು ಆಮೇಲೆ ಮಾತಾಡುತ್ತಿದ್ದರು. ಆಮೇಲೆ ಮನೆಗಳನ್ನು ಕೆಡವಿದರು, ಪಬ್ಬುಗಳು ಮಾತ್ರ ನಿಂತವು, ಬಯಲಿನ ನಡುವೆ ಒಂಟಿ ಹಲ್ಲಿನಂತೆ. ಆಮೇಲೆ ಕುಲುಮೆಗಳು ಆರಿದವು. ಆಮೇಲೆ ಅವು ಯಾಕೆ ನಿಂತಿವೆ ಎಂದು ಅವಕ್ಕೇ ತಿಳಿಯದಾಯಿತು. ನೆವಿಲ್ ಇದನ್ನು ಪರದೆಯ ಮುಂದೆ ಹೇಳುವಾಗ 'ಅವಕ್ಕೇ ತಿಳಿಯದಾಯಿತು' ಎಂಬಲ್ಲಿ ಸ್ವಲ್ಪ ನಿಲ್ಲುತ್ತಿದ್ದ. ಮೆಚ್ಚುಗೆ ಬರಲಿ ಎಂದು. ಯಾರಾದರೂ ಹಿಂದಿನ ಸಾಲಿನಿಂದ, "ಆ ಚಿತ್ರ ಇನ್ನೊಂದ್ಸಲ ಹಾಕಿ, ಅಲ್ಲಿ ನಮ್ಮ ಮಾವ ವಾಂತಿ ಮಾಡಿದ್ದ" ಎನ್ನುತ್ತಿದ್ದರು.

ಮೆಲ್ಟರ್ಸ್‌ನಲ್ಲಿ ಎರಡು ಕೋಣೆ. ಎಡಕ್ಕೆ ಟ್ಯಾಪ್ ರೂಮು, ಬರಿ ಹಲಗೆಯ ನೆಲ, ಗೋಡೆಗುಂಟ ಬೆಂಚು, ಕೆಲಸದ ಬಟ್ಟೆಯಲ್ಲೇ ಬಂದ ಗಂಡಸರು. ಬಲಕ್ಕೆ ಲೌಂಜು, ಜಮಖಾನ, ಮೆತ್ತನೆಯ ಕುರ್ಚಿ, ಹೆಂಗಸರು ಬಂದರೆ ಅಲ್ಲಿ. ನಡುವೆ ಎರಡು ಕಡೆಗೂ ಮುಖ ಮಾಡಿದ ಒಂದೇ ಬಾರು, ಬೀರು ಕೊಡುವ ಕಟ್ಟೆ, ಅದರೊಳಗೆ ಒಡತಿ ಎಡ್ನಾ ಡ್ರಾಬಲ್. ಬೀರು ಅದೇ ಪೀಪಾಯಿಯದು; ಲೌಂಜಿನಲ್ಲಿ ದರ ಮಾತ್ರ ತುಸು ಹೆಚ್ಚು. ಡಿಗ್ರಿ ಮುಗಿಸಿ, ಗುಡ್ಡದ ಮೇಲಿನ ಶಾಲೆಯಲ್ಲಿ ಕೆಲಸ ಹಿಡಿದ ವರ್ಷ ನೆವಿಲ್ ಒಂದು ಶುಕ್ರವಾರ ರೋಸ್ಮರಿಯನ್ನು ಕರೆದುಕೊಂಡು ಅಲ್ಲಿಗೆ ಹೋದ. ಅವಳು ಊರಿನ ಪಶ್ಚಿಮದವಳು, ಡಾಕ್ಟರ ಮಗಳು, ಅವಳ ಕಡೆಯ ಮರಗಳಿಗೆ ಮಸಿ ಇರಲಿಲ್ಲ. ಅವಳು ಬಂದದ್ದರಿಂದ ಲೌಂಜಿನಲ್ಲಿ ಕೂತರು, ಅದು ಸರಿಯೇ. ಮುಂದಿನ ಶುಕ್ರವಾರಗಳಲ್ಲಿ ಅವನೊಬ್ಬನೇ ಬಂದಾಗಲೂ ಬಲಕ್ಕೇ ತಿರುಗಿದ, ಅದಕ್ಕೆ ಮಾತ್ರ ಇವತ್ತಿನವರೆಗೂ ಅವನಿಗೆ ಕಾರಣ ಸಿಕ್ಕಿಲ್ಲ. ಮೊದಲ ದಿನ ಬಾರಿನ ಆಚೆ, ಬಾಟಲಿಗಳ ಸಂದಿನಲ್ಲಿ, ಕತ್ತಿಗೆ ಬೆವರಿನ ಟವಲು ಸುತ್ತಿಕೊಂಡ ಅಪ್ಪ ಕಂಡಿದ್ದ. ಮೀಟರು ನೋಡಲು ಬಂದವನಿಗೆ ಮಾಡುವಂತೆ ಒಮ್ಮೆ ತಲೆಯಾಡಿಸಿದ್ದ. ಮುಂದಿನ ವಾರ ನೋಡಿದರೆ ಅಪ್ಪ ಮೇಜಿನ ಈಚೆ ಬದಿಗೆ ಬಂದು ಕೂತಿದ್ದ, ಲೌಂಜಿಗೆ ಬೆನ್ನು ಹಾಕಿ. ಅಲ್ಲಿಂದ ಮುಂದೆ ಬೆನ್ನೇ. ಅಗಲವಾದ, ನೀಲಿ ಅಂಗಿಯ, ಕಾಲರಿಗಿಂತ ಮೇಲೆ ಕತ್ತಿನಲ್ಲಿ ಸುಟ್ಟ ಕಲೆಯಿದ್ದ ಬೆನ್ನು. ಭಾನುವಾರ ಮನೆಯಲ್ಲಿ ಸಿಕ್ಕರೆ ಇಬ್ಬರೂ ಫುಟ್‌ಬಾಲು ಮಾತಾಡುತ್ತಿದ್ದರು. ಶುಕ್ರವಾರದ ಮಾತು ಎಂದೂ ಬರಲಿಲ್ಲ. ಅಪ್ಪ ಮಾತು ಕಡಿಮೆ, ಮೊದಲಿನಿಂದಲೂ ಹಾಗೇ ಎಂದು ಅಮ್ಮ ಹೇಳುತ್ತಿದ್ದಳು. ರೋಸ್ಮರಿಯನ್ನು ಮದುವೆಯಾದ, ಕೆಲವು ವರ್ಷಗಳ ನಂತರ ಅವಳು ಬೇರೆಯಾದಳು, ಬೆನ್ನು ಉಳಿದುಕೊಂಡಿತು. ಆಸ್ಪತ್ರೆಯಲ್ಲಿ ಕೊನೆಯ ಸಲ ನರ್ಸ್ ಅಪ್ಪನನ್ನು ಮಗ್ಗುಲು ತಿರುಗಿಸಿ ಒರೆಸುವಾಗ ನೆವಿಲ್ ಆ ಕಲೆಯನ್ನು ಹತ್ತಿರದಿಂದ ಕಂಡ. ಅವನು ನೆನೆದಿದ್ದಕ್ಕಿಂತ ಚಿಕ್ಕದಿತ್ತು.

ಚಿತಾಗಾರದಲ್ಲಿ ಎಲ್ಲ ಸರಿಯಾಗಿ ನಡೆಯಿತು. ಪಾದ್ರಿ ಅಪ್ಪನ ಹೆಸರನ್ನು ಎರಡು ಸಲವೂ ಸರಿಯಾಗಿ ಹೇಳಿದರು. ಕೊನೆಗೆ ಕೈಲಿದ್ದ ಚೀಟಿ ನೋಡಿ, "ಪತ್ರಿಕೆಯಲ್ಲಿ ಬಂದ ಜಾಗ ತಪ್ಪು. ಬ್ರೂಮ್‌ಹೆಡ್ ಅವರ ಮಗನಿಂದ ಆದ ತಪ್ಪು. ದಯವಿಟ್ಟು ಹೋಟೆಲಿಗೆ ಬನ್ನಿ" ಎಂದು, ದುಃಖದ ನಡುವೆ ಒಂದಿಷ್ಟು ಹಗುರಾಗಲಿ ಎಂಬಂತೆ ನಕ್ಕರು. ಯಾರೂ ನಗಲಿಲ್ಲ. ನೆವಿಲ್ ಮುಂದಿನ ಸಾಲಿನಲ್ಲಿ ತನ್ನ ಬೂಟು ನೋಡುತ್ತ ಕೂತ. ತನ್ನ ಬೆನ್ನು ಎಲ್ಲರಿಗೂ ಕಾಣುತ್ತಿದೆ ಎಂದು ಅನ್ನಿಸಿ ಭುಜ ಸ್ವಲ್ಪ ಒಳಗೆಳೆದುಕೊಂಡ.

ಹೊರಗೆ ಗಾಳಿಯಲ್ಲಿ ಕ್ಲಿಫ್ ಹೌಸ್ಲಿ ಟೋಪಿ ಹಿಡಿದುಕೊಂಡು ನಿಂತಿದ್ದ. ಪಕ್ಕದಲ್ಲಿ ಇನ್ನೊಬ್ಬ ಕುಲುಮೆಯವನು, ಉದ್ದನೆಯ ಹೊರೇಸ್ ಮಾರ್ಪಲ್ಸ್. ಇವರ ಹಿಂದೆ ಅಪ್ಪನ ಕಾಲದ ಇನ್ನಷ್ಟು ಮುದುಕರು, ಕೆಲವರ ಹೆಂಡಂದಿರು.

"ಚೆನ್ನಾಗಿ ಕಳಿಸಿಕೊಟ್ಟೆ ಚಿನ್ನ" ಎಂದ ಕ್ಲಿಫ್, ಕೈ ಹಿಡಿದು. ಆ ಕಡೆಯ ಗಂಡಸರು ಗಂಡಸರನ್ನು ಕರೆಯುವುದೇ ಹಾಗೆ. ನೆವಿಲ್‌ನನ್ನು ಮಾತ್ರ ಇದುವರೆಗೆ ಹಾಗೆ ಕರೆದಿರಲಿಲ್ಲ, ಮೇಷ್ಟ್ರೇ ಎನ್ನುತ್ತಿದ್ದರು. "ಸಿಗೋಣ ಹಾಗಾದ್ರೆ, ಮೆಲ್ಟರ್ಸ್‌ನಲ್ಲಿ."

"ಕ್ಲಿಫ್, ಈಗ ಹೇಳಿದ್ರಲ್ಲ ಒಳಗೆ. ಹೋಟೆಲಿಗೆ ಅಂತ."

"ಹೇಳಿದ್ರು. ಕೇಳಿಸ್ಕೊಂಡ್ವಿ."

"ಕಾರಿದೆ, ಎಲ್ಲರನ್ನೂ ಕರ್ಕೊಂಡು ಹೋಗ್ತೀನಿ."

"ಪೇಪರ್‌ನಲ್ಲಿ ಮೆಲ್ಟರ್ಸ್ ಅಂತ ಬಂದಿದೆ. ಜನ ನೇರ ಅಲ್ಲಿಗೇ ಬಂದಿರ್ತಾರೆ. ಎಡ್ನಾಗೆ ಚಿತಾಗಾರದ ಮೆಟ್ಟಿಲು ಆಗಲ್ಲ, ಅವಳು ಅಲ್ಲೇ ಹೋಗಿ ಕೂತಾಗಿದೆ."

"ಮೆಲ್ಟರ್ಸ್ ಮುಚ್ಚಿದೆಯಲ್ಲ ಕ್ಲಿಫ್."

"ಯಾರು ಹೇಳಿದ್ದು? ಸಂಜೆ ಆರರವರೆಗೂ ತೆಗೆದಿರುತ್ತೆ" ಎಂದ ಹೊರೇಸ್. "ಹಾಸಿಗೆ ಅಂಗಡಿ."

ಮುದುಕರು ಬಸ್ಸಿಗೆ ಹೊರಟರು. ಗ್ಲೆನಿಸ್ ನಾಲ್ಕಾರು ಸಂಬಂಧಿಕರನ್ನು ಕಾರಿಗೆ ಹತ್ತಿಸುತ್ತ, "ಹೋಗೋ, ಹೋಗಿ ಅವರನ್ನ ಕರ್ಕೊಂಡು ಬಾ. ಅಷ್ಟು ಹ್ಯಾಮ್ ನಾನೇನು ಮಾಡ್ಲಿ?" ಎಂದಳು.

ಹಾಸಿಗೆ ಅಂಗಡಿಯ ಕಿಟಕಿಯಲ್ಲಿ 'ಕೊನೆಯ ದಿನಗಳು' ಎಂಬ ಫಲಕ ಎಷ್ಟೋ ವರ್ಷಗಳಿಂದ ಇತ್ತು. ನೆವಿಲ್‌ನ ಚಿತ್ರದಲ್ಲೂ ಅದು ಬಿದ್ದಿತ್ತು. ಮುದುಕರ ಹಿಂದಿನ ಬಸ್ಸಿನಲ್ಲಿ ಅವನು ಬಂದಿಳಿದಾಗ ಬಾಗಿಲಲ್ಲಿ ಅಂಗಡಿಯ ಒಡೆಯ ಸಾಲೇಹ್ ನಿಂತಿದ್ದ. ಅವನ ತಂದೆ ಯೆಮನ್‌ನಿಂದ ಬಂದು ಅದೇ ಕಾರ್ಖಾನೆಯಲ್ಲಿ ದುಡಿದವನು.

"ನೀವು ಸ್ಲೈಡು ತೋರಿಸೋ ಮೇಷ್ಟ್ರಲ್ವಾ? ನಮ್ಮ ಅಂಗಡಿ ಫೋಟೋ ಹಿಡಿದ್ರಿ ಒಂದ್ಸಲ. ಆ ಕಡೆ ಫುಟ್‌ಪಾತ್‌ನಿಂದ."

"ಹೌದು."

"ಒಳಗೆ ಬರ್ತೀರೇನೋ ಅಂತ ದೀಪ ಹಾಕಿದ್ದೆ. ಬರ್ಲಿಲ್ಲ." ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ವರದಿ ಮಾತ್ರ ಇತ್ತು. "ಇರ್ಲಿ. ಶನಿವಾರಾನೇ ಕ್ಲಿಫ್ ಫೋನ್ ಮಾಡಿದ್ರು, ಪೇಪರ್‌ನಲ್ಲಿ ಬಂದಿದೆ, ಬರ್ತೀವಿ ಅಂತ. ಬೀರು ಮಾತ್ರ ಇಲ್ಲಿ ಆಗಲ್ಲ ಅಂದೆ. ಚಹಾ ಕೊಡ್ತೀನಿ. ಪ್ಲಾಸ್ಟಿಕ್ ತೆಗೀದೆ ಕೂತ್ರೆ ಸಾಕು."

ಶನಿವಾರವೇ. ತನಗೆ ಮಾಡದ ಫೋನನ್ನು ಇವನಿಗೆ ಮಾಡಿದ್ದರು. ನೆವಿಲ್ ಒಳಗೆ ಕಾಲಿಟ್ಟ. ನಡುಗೋಡೆಗಳೆಲ್ಲ ಹೋಗಿ ಇಡೀ ನೆಲ ಒಂದೇ ಹಜಾರವಾಗಿತ್ತು, ಅದರ ತುಂಬ ಮಂಚಗಳು. ಆದರೆ ಅವನು ನೋಡಿದ್ದು ಜನ ಕೂತ ಬಗೆಯನ್ನು. ಬಲಗಡೆ, ಜೋಡಿ ಮಂಚಗಳ ಮೇಲೆ, ಹೆಂಗಸರು ಮಡಿಲಲ್ಲಿ ಚೀಲವಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಎಡಗಡೆ, ಗೋಡೆಗುಂಟ ಸಾಲಾಗಿಟ್ಟ ಒಂಟಿ ಮಂಚಗಳ ಮೇಲೆ, ಬೆಂಚಿನ ಮೇಲೆ ಕೂರುವಂತೆ ಮೊಣಕಾಲು ಅಗಲಿಸಿ ಗಂಡಸರು. ನಡುವೆ ದಿಂಬುಗಳ ರಾಶಿಯ ಹಿಂದೆ, ಚಕ್ರದ ಕುರ್ಚಿಯಲ್ಲಿ, ಸೊಂಟ ಉಡುಗಿಹೋದ ಎಡ್ನಾ ಡ್ರಾಬಲ್. ಯಾರೂ ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಗೋಡೆ ಎಲ್ಲಿದೆ ಎಂದು ಗೊತ್ತಿತ್ತು.

ಅವನು ಬಾಗಿಲಿನ ಹತ್ತಿರವೇ ನಿಂತ. ಅದು ಬಲಗಡೆ.

"ಅಲ್ಲ್ಯಾಕೆ ಹೆಂಗಸರ ಮಧ್ಯೆ ಕಂಬದ ಥರ ನಿಂತಿದೀಯ? ಬಾ ಈ ಕಡೆ" ಎಂದ ಕ್ಲಿಫ್.

ನೆವಿಲ್ ಹೊರಟ. ದಿಂಬಿನ ರಾಶಿಯ ಪಕ್ಕದಲ್ಲಿ ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಎಡಗಡೆಯಿಂದ ಗದ್ದಲವೆದ್ದಿತು.

"ಏಯ್ ಏಯ್! ಬಾರು ಹತ್ತಿ ಬರ್ತಿದಾನೆ ನೋಡ್ರೋ!"

"ಎಡ್ನಾ, ಒದ್ದು ಓಡಿಸು ಅವನನ್ನ!"

"ಸುತ್ತಿ ಬಾರಪ್ಪಾ. ಪಕ್ಕದ ಬಾಗಿಲಿದೆ" ಎಂದಳು ಎಡ್ನಾ, ದಿಂಬಿನ ಮೇಲೆ ಕೈಯೂರಿ, ಸ್ವಲ್ಪವೂ ನಗದೆ.

ಅವನು ಹಿಂದಕ್ಕೆ ಬಂದು, ಬಾಗಿಲು ದಾಟಿ, ಬೀದಿಗಿಳಿದು, ಮೂಲೆ ತಿರುಗಿ, ಓಣಿಯ ಪಕ್ಕದ ಬಾಗಿಲಿಗೆ ಹೋದ. ಒಳಗಿನಿಂದ ಅದಕ್ಕೆ ಒಂದು ಬೀರು ಅಡ್ಡ ನಿಲ್ಲಿಸಿದ್ದರು, ಬಟ್ಟೆಯ ಬೀರು. ಸಾಲೇಹ್ ಅದನ್ನು ತಳ್ಳಿ ಒಂದಿಷ್ಟು ಸಂದು ಮಾಡಿಕೊಟ್ಟ. ಅರವತ್ತು ದಾಟಿದ, ಒಳ್ಳೆಯ ಕೋಟಿನ, ಇತಿಹಾಸದ ಮೇಷ್ಟ್ರು ಹೊಟ್ಟೆ ಒಳಗೆಳೆದುಕೊಂಡು, 'ಪೂರಾ ತೇಗ' ಎಂಬ ಚೀಟಿಗೆ ಕೆನ್ನೆ ಉಜ್ಜುತ್ತ ಟ್ಯಾಪ್ ರೂಮಿನೊಳಕ್ಕೆ ಬಂದ. ಇಲ್ಲಿಗೆ ಅವನು ಬಂದದ್ದು ಇದೇ ಮೊದಲು. ಅವರನ್ನು ಹೋಟೆಲಿಗೆ ಕರೆಯಬೇಕು ಎಂಬುದು ನೆನಪಿತ್ತು, ಮಾತೂ ಸಿದ್ಧವಾಗಿತ್ತು. ಆದರೆ ಹೊರೇಸ್ ಕಾಲಿನಿಂದ ಮೆತ್ತೆ ಹೊಲಿದ ಮೋಟು ಪೀಠವೊಂದನ್ನು ಮುಂದಕ್ಕೆ ತಳ್ಳಿದ, ಕೂರಲಿಕ್ಕೆ. ಖಾಲಿ ಇದ್ದದ್ದು ಅದೊಂದೇ. ಗಂಡಸರ ಸಾಲಿಗೆ ಎದುರಾಗಿ, ಹೆಂಗಸರ ಕಡೆ ಬೆನ್ನಾಗಿ ನೆವಿಲ್ ಅದರ ಮೇಲೆ ಕೂತ.

ಚಹಾ ಬಂತು. ಅಪ್ಪನ, ವಿಲ್ಫ್ ಬ್ರೂಮ್‌ಹೆಡ್‌ನ ಹೆಸರಿನಲ್ಲಿ ಕಾಗದದ ಲೋಟಗಳನ್ನು ಎತ್ತಿದರು. ಮೊದಲ ಗುಟುಕಿಗೆ ಕ್ಲಿಫ್ ಮುಖ ಕಿವುಚಿ, "ವಿಲ್ಫ್ ಇದನ್ನ ನೋಡಿದ್ರೆ ಎರಡು ಗಂಟೆ ಮಾತಾಡ್ತಿದ್ದ" ಎಂದ.

"ಅಪ್ಪನಾ?" ಎಂದ ನೆವಿಲ್.

"ಇನ್ಯಾರು? ಅವನ ಬಾಯಿ ಮುಚ್ಚಿಸೋಕೆ ನಾವು ಡಾಮಿನೋ ಆಟ ಹಾಕ್ತಿದ್ವಿ. ಆಡ್ತಾ ಆಡ್ತಾನೂ ಮಾತೇ."

ಸಾಲಿನುದ್ದಕ್ಕೂ ತಲೆಗಳು ಹೌದೆಂದು ಆಡಿದವು. ನೆವಿಲ್ ಲೋಟದೊಳಗೆ ನೋಡಿದ. ಯಾರದೋ ಅಪ್ಪನ ಮಾತಾಡುತ್ತಿದ್ದಾರೆ ಎನ್ನಿಸಿತು. ಆಮೇಲೆ, ಕೇಳಬಾರದು ಎಂದು ನಲವತ್ತು ವರ್ಷ ಅಂದುಕೊಂಡದ್ದನ್ನು, ಹವಾಮಾನ ಕೇಳುವ ಧ್ವನಿಯಲ್ಲಿ ಕೇಳಿದ.

"ಅಪ್ಪ ಇಲ್ಲಿ ಯಾವಾಗ್ಲೂ ಬೆನ್ನು ಹಾಕಿ ಕೂರ್ತಿದ್ರಲ್ಲ, ಯಾಕೆ?"

"ಬೆನ್ನು? ಯಾರಿಗೆ ಬೆನ್ನು?" ಎಂದ ಕ್ಲಿಫ್.

"ಲೌಂಜಿಗೆ."

"ಲೌಂಜಿಗೆ." ಕ್ಲಿಫ್ ಆ ಶಬ್ದವನ್ನು ಬಾಯಲ್ಲಿ ಹೊರಳಿಸಿದ. "ಲೌಂಜ್ ಕಡೆ ಯಾರು ನೋಡ್ತಾರೆ ಚಿನ್ನ?"

"ಕಿವಿ" ಎಂದ ಹೊರೇಸ್. "ಸುತ್ತಿಗೆ ಸದ್ದಿಗೆ ಅವನ ಎಡಗಿವಿ ಹೋಗಿತ್ತಲ್ಲ. ಬಲಗಿವಿ ನಮ್ಮ ಕಡೆ ಬರ್ಬೇಕು ಅಂದ್ರೆ ಹಾಗೇ ಕೂರ್ಬೇಕಿತ್ತು."

"ಕಿವಿ ಅಲ್ಲ ಕಣೋ ಪೆದ್ದ, ಕನ್ನಡಕ. ಆ ಕಡೆ ಕೂತ್ರೆ ಅವನ ಕೈಲಿದ್ದ ಡಾಮಿನೋ ಚುಕ್ಕಿ ಎಲ್ಲ ಕನ್ನಡಕದಲ್ಲಿ ನಮಗೆ ಕಾಣ್ತಿತ್ತು. ಸೋತು ಸೋತು ಈಚೆ ಬಂದ" ಎಂದ ಕ್ಲಿಫ್.

"ಎರಡೂ ಅಲ್ಲ" ಎಂದಳು ಎಡ್ನಾ ದಿಂಬಿನ ಹಿಂದಿನಿಂದ. "ಕತ್ತು ಸುಟ್ಟುಕೊಂಡಿದ್ನಲ್ಲ, ಆಮೇಲಿಂದ. ಬಾರಿನ ಕಿಂಡಿ ಗಾಳಿ ಕತ್ತಿಗೆ ತಣ್ಣಗಿರುತ್ತೆ ಅಂತಿದ್ದ. ನನ್ನ ಹತ್ರಾನೇ ಹೇಳಿದಾನೆ."

ಸ್ವಲ್ಪ ಹೊತ್ತು ಕಿವಿ, ಕನ್ನಡಕ, ಗಾಳಿಗಳ ಜಗಳ ನಡೆಯಿತು. ಮೂವರೂ ತಮ್ಮದೇ ಸರಿ ಎಂದು ಆಣೆ ಇಟ್ಟರು. ನೆವಿಲ್ ಕಾದ. ಯಾರೂ ನಾಲ್ಕನೆಯ ಕಾರಣ ಹೇಳಲಿಲ್ಲ.

"ಅಲ್ಲ, ನಾನು ಬರೋಕೆ ಶುರು ಮಾಡಿದ ಮೇಲಲ್ವಾ ಅವರು ಆ ಕಡೆ ಕೂತಿದ್ದು?" ಎಂದ, ಕೊನೆಗೆ.

ಹೊರೇಸ್ ನಿಜವಾದ ಆಶ್ಚರ್ಯದಿಂದ ಅವನ ಕಡೆ ಬಗ್ಗಿದ. "ನೀನು ಮೆಲ್ಟರ್ಸ್‌ಗೆ ಬರ್ತಿದ್ದೆಯಾ?"

ನೆವಿಲ್ ಲೋಟವನ್ನು ನೆಲಕ್ಕಿಟ್ಟ. ಅಷ್ಟು ಶುಕ್ರವಾರಗಳು. ಕಿಂಡಿಯಾಚೆ ಹೊಗೆಯಲ್ಲಿ ಮುಖಗಳೆಲ್ಲ ತನ್ನತ್ತಲೇ ತಿರುಗಿವೆ ಎಂದು ಗ್ಲಾಸಿನ ಅಂಚನ್ನು ಕಚ್ಚಿಕೊಂಡು ಕೂತ ಸಂಜೆಗಳು.

"ಬರ್ತಿದ್ದ, ಬರ್ತಿದ್ದ" ಎಂದಳು ಎಡ್ನಾ. "ಅರ್ಧ ಪೈಂಟು ಬೀರು, ಹೆಂಗಸರ ಗ್ಲಾಸಲ್ಲಿ."

ಗಂಡಸರ ಸಾಲಿನಲ್ಲಿ ಮರುಕದ ಸದ್ದೊಂದು ಹಾದುಹೋಯಿತು. ಕ್ಲಿಫ್ ಅವನ ಮೊಣಕಾಲು ತಟ್ಟಿ, ಆಗಿದ್ದು ಆಯಿತು ಎಂಬಂತೆ ಮಾತು ಬದಲಿಸಿದ. "ಲೌಂಜ್ ಅಂದ್ರೆ ನೆನಪಾಯ್ತು. ವಿಲ್ಫ್ ಒಂದೇ ಸಲ ಲೌಂಜಿಗೆ ಹೋಗಿದ್ದ. ಗೊತ್ತಾ ನಿನಗೆ? ಪಿಯಾನೋ ದಿನ."

"ಇಲ್ಲ."

"ಹೇಳಿಲ್ವಾ? ಎಲ್ಲರಿಗೂ ಹೇಳ್ತಿದ್ದ. ಕೇಳು. ಪಿಯಾನೋ ಇದ್ದಿದ್ದು ಲೌಂಜಲ್ಲಿ. ಒಂದು ಶನಿವಾರ ಮಧ್ಯಾಹ್ನ ನಮಗೆ ಹಾಡ್ಬೇಕು ಅನ್ನಿಸ್ತು. ನಾವು ಆ ಕಡೆ ಹೋಗೋ ಹಾಗಿಲ್ಲ, ಮೈಯೆಲ್ಲ ಮಸಿ. ಸರಿ, ಪಿಯಾನೋನೇ ಈ ಕಡೆ ತರೋಣ ಅಂದ ವಿಲ್ಫ್. ಅವನೊಬ್ಬನೇ ಸುತ್ತಿ ಹೋಗಿ ಹಿಂದಿನಿಂದ ತಳ್ಳಿದ, ನಾವು ಈ ಕಡೆಯಿಂದ ಎಳೆದ್ವಿ. ಯಾವತ್ತೂ ತೆಗೀದ ನಡು ಬಾಗಿಲೊಂದಿತ್ತು, ಅದರಲ್ಲಿ ಸಿಕ್ಕಿಹಾಕ್ಕೊಳ್ತು. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ."

"ನನ್ನ ಪಿಯಾನೋ" ಎಂದಳು ಎಡ್ನಾ.

"ನಿನ್ನ ಪಿಯಾನೋನೇ. ಆ ಕಡೆ ಲೌಂಜಲ್ಲಿ ಬ್ರೂವರಿ ದೊರೆಗಳು ಬಂದು ಕೂತಿದ್ರು ಅವತ್ತು, ಹೆಂಡಂದಿರ ಜೊತೆ. ಬೀದಿ ಕಡೆ ಬಾಗಿಲಿಗೆ ಹೋಗ್ಬೇಕು ಅಂದ್ರೆ ಅವರೆಲ್ಲರ ಮೊಣಕಾಲು ದಾಟಿ ಹೋಗ್ಬೇಕು. ವಿಲ್ಫ್ ಬನೀನಲ್ಲಿ ನಿಂತಿದಾನೆ. ಕತ್ತಲ್ಲಿ ಟವಲು. ಬಿಳಿ ಗೋಡೆ, ಅವನು ಒರಗಿದ ಕಡೆ ಅವನ ಆಕಾರಕ್ಕೇ ಮಸಿ. ಅಷ್ಟರಲ್ಲಿ ಅವರಲ್ಲೊಬ್ಬಳು, ಇಷ್ಟುದ್ದ ಕೈಚೀಲದವಳು, ಅವನನ್ನ ಮೇಲಿಂದ ಕೆಳಗೆ ನೋಡಿ, 'ನೀವು ಪಿಯಾನೋ ನುಡಿಸೋರಾ?' ಅಂತ ಕೇಳಿದ್ಲು."

ಸಾಲಿನಲ್ಲಿ ಆಗಲೇ ಒಬ್ಬಿಬ್ಬರ ಹೊಟ್ಟೆ ಕುಣಿಯತೊಡಗಿತ್ತು. ಮಂಚಗಳ ಮೇಲಿನ ಪ್ಲಾಸ್ಟಿಕ್ಕು ಚರಚರ ಎಂದಿತು. ನೆವಿಲ್ ತಾನು ಮುಂದಕ್ಕೆ ಬಾಗಿರುವುದನ್ನು ಗಮನಿಸಲಿಲ್ಲ. ಗೋಡೆಯ ಮೇಲಿನ ಅಪ್ಪನ ಮಸಿಯ ಆಕಾರ ಅವನಿಗೆ ಕಾಣುತ್ತಿತ್ತು.

"ವಿಲ್ಫ್ ಏನಂದ ಗೊತ್ತಾ?" ಎಂದ ಕ್ಲಿಫ್, ಮತ್ತು ಮುದುಕರು ಮಾಡುವಂತೆ ಸರಿಯಾಗಿ ಅಲ್ಲಿ ನಿಲ್ಲಿಸಿ ಲೋಟ ಬಾಯಿಗಿಟ್ಟ.

ಹಿಂದೆ ಎಲ್ಲೋ ಗಾಜಿನ ಬಾಗಿಲು ತೆರೆದು ಬೀದಿಯ ಗಾಳಿ ಒಳಬಂತು. ಗ್ಲೆನಿಸ್‌ಳ ಧ್ವನಿ. ಹೋಟೆಲಿನಲ್ಲಿ ಕಾದು ಸಾಕಾಗಿ, ತಟ್ಟೆಗಳನ್ನೆಲ್ಲ ಕಟ್ಟಿಸಿಕೊಂಡು ಬಂದಿದ್ದಳು.

"ನೆವಿಲ್! ಹ್ಯಾಮ್ ಇದೆ ಕಣೋ ಇದರಲ್ಲಿ. ಇವರ ಅಂಗಡಿ ಒಳಗೆ ತರಬಹುದಾ ಕೇಳು!"

ಬಲಗಡೆಯ ಹೆಂಗಸರು ಅವಳಿಗೆ ಜಾಗ ಮಾಡಿಕೊಡುವ ಸದ್ದು. ಸಾಲೇಹ್ ಏನೋ ಹೇಳಿದ.

"ನೆವಿಲ್! ಕೈ ನೋಯ್ತಿದೆ ನನಗೆ. ಕೇಳಿಸ್ತಿದೆಯೋ ಇಲ್ವೋ ಇವನಿಗೆ?"

ಕೇಳಿಸುತ್ತಿತ್ತು. ತಿರುಗಿ ನೋಡಬೇಕು, ಎದ್ದು ಹೋಗಿ ತಟ್ಟೆ ಇಸಿದುಕೊಳ್ಳಬೇಕು ಎಂದೂ ಅವನಿಗೆ ತಿಳಿದಿತ್ತು. ಅಕ್ಕನ ಮೇಲೆ ಅವನಿಗೆ ಯಾವ ಕೋಪವೂ ಇರಲಿಲ್ಲ. ಆದರೆ ಕ್ಲಿಫ್ ಲೋಟ ಕೆಳಗಿಳಿಸಿದ್ದ, ಮುಂಗೈಯಿಂದ ತುಟಿ ಒರೆಸಿಕೊಳ್ಳುತ್ತಿದ್ದ, ಇನ್ನೇನು ಹೇಳುವವನಿದ್ದ.